ಸುಧಕ್ಕಾ, ಪಣಜಿಯ ಹಳೇ ಮನೆಯ ರೂಮಿನ ವಿಚಾರ

ಸುಧಕ್ಕಾ, ಈಗ ಮೆಸೇಜ್ ನೋಡಿದೆ. ದೊಡ್ಡವ್ವನನ್ನು ಕರೆದುಕೊಂಡು ಗೋವಾಕ್ಕೆ ಹೋಗುವಾಗ ಬೀಚ್ ರೆಸಾರ್ಟ್ ಬಿಟ್ಟು ಪಣಜಿಯ ಫೊಂಟೆನ್ಹಾಸ್ ಓಣಿಯಲ್ಲಿ, ಹೋಟೆಲ್ ಮಾಡಿರುವ ಪೋರ್ಚುಗೀಸರ ಕಾಲದ ಹಳೇ ಮನೆಯಲ್ಲಿ ಇಳಿದುಕೊಳ್ಳಬಹುದಾ ಅಂತ ಕೇಳಿದ್ದೀಯಲ್ವಾ? ಧಾರಾಳವಾಗಿ ಇಳಿದುಕೊಳ್ಳಬಹುದು. ಆದರೆ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ, ರೂಮು ಕೆಳಗೋ ಮೇಲೋ ಅಂತ ಕೇಳು. ಅಂಥ ಮನೆಗಳಲ್ಲಿ ಲಿಫ್ಟ್ ಅಪರೂಪ. ಮರದ ಮೆಟ್ಟಿಲು ಕಡಿದಾಗಿದ್ದರೆ ದೊಡ್ಡವ್ವನ ಮಂಡಿಗೆ ಆಗುವ ಮಾತಲ್ಲ. ಫೋಟೋದಲ್ಲಿ ಬಾಲ್ಕನಿ ತೋರಿಸುತ್ತಾರೆ, ಕಂಬದ ಮಂಚ ತೋರಿಸುತ್ತಾರೆ, ಮೆಟ್ಟಿಲು ಮಾತ್ರ ಯಾರೂ ತೋರಿಸುವುದಿಲ್ಲ!

ಒಳಗೆ ಚೆನ್ನಾಗಿರುತ್ತದೆ. ಜಂಬಿಟ್ಟಿಗೆಯ ದಪ್ಪ ಗೋಡೆ, ಎತ್ತರದ ಮಾಡು, ಹಾಗಾಗಿ ಮಧ್ಯಾಹ್ನವೂ ಅಷ್ಟು ಸೆಕೆ ಅನ್ನಿಸುವುದಿಲ್ಲ. ಕೆಲವು ಹಳೇ ಕಿಟಕಿಗಳಲ್ಲಿ ಗಾಜಿನ ಬದಲು ತೆಳ್ಳಗಿನ ಸಮುದ್ರದ ಚಿಪ್ಪು ಕೂರಿಸಿದ್ದಾರೆ. ಬಿಸಿಲು ಅದರೊಳಗಿಂದ ಹಾಲುಬಣ್ಣವಾಗಿ ಬರುತ್ತದೆ. ನನಗಂತೂ ಇಡೀ ಊರಲ್ಲಿ ಜಾಸ್ತಿ ಹಿಡಿಸಿದ್ದು ಅದೇ. ಮಳೆಗಾಲದಲ್ಲಿ ಮಾತ್ರ ಬೇಡ, ಹಾಸಿಗೆಯೆಲ್ಲ ಮುಗ್ಗಲು ವಾಸನೆ.

ರಸ್ತೆ ಕಡೆಯ ರೂಮಾದರೆ ಬೆಳಿಗ್ಗೆ ಬೇಗ ಎಚ್ಚರವಾಗುತ್ತದೆ. ಪಾವ್ ಮಾರುವ ಪೊದೇರ ಸೈಕಲ್ಲಿನಲ್ಲಿ ಪೊಂ ಪೊಂ ಅಂತ ಬರುತ್ತಾನೆ. ದೊಡ್ಡವ್ವ ಹೇಗೂ ಐದಕ್ಕೇ ಏಳುತ್ತಾಳೆ, ತೊಂದರೆ ನಿನಗೇ! ಅವನ ಹತ್ತಿರ ಗೋಧಿ ತೌಡಿನ ಪೊಯಿ ಅನ್ನುವ ಬ್ರೆಡ್ಡು ಇದ್ದರೆ ಕೊಂಡುಕೋ, ಚಹಾ ಜೊತೆ ಬಹಳ ರುಚಿ.

ಅಲ್ಲಿನ ಸಂತ ಸೆಬಾಸ್ಟಿಯನ್ ಚಾಪೆಲ್ ತೆರೆದಿದ್ದರೆ ಒಳಗೆ ಹೋಗಿ ನೋಡಿ. ಅಲ್ಲಿರುವ ಶಿಲುಬೆ ಮೊದಲು ಹಳೇ ಗೋವಾ ಪಟ್ಟಣದಲ್ಲಿ, ಧರ್ಮದ ವಿಚಾರಣೆ ನಡೆಸುತ್ತಿದ್ದ ಚರ್ಚ್ ನ್ಯಾಯಾಲಯದ ಅಂದರೆ ಇನ್‌ಕ್ವಿಸಿಷನ್ ಅರಮನೆಯಲ್ಲಿತ್ತು. ಅದರ ಮೇಲಿನ ಯೇಸು ಕಣ್ಣು ಬಿಟ್ಟು ನೋಡುತ್ತಾನೆ, ತಲೆಯೂ ಬಗ್ಗಿಲ್ಲ. ಅಂದಹಾಗೆ, ಪೋರ್ಚುಗೀಸರು ರಾಜಧಾನಿಯನ್ನು ಹಳೇ ಗೋವಾದಿಂದ ಪಣಜಿಗೆ ಅಧಿಕೃತವಾಗಿ ತಂದದ್ದು 1843ರಲ್ಲಿ.

ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಬಿಡು. ಅದು ಜನ ಸಂಸಾರ ಮಾಡಿಕೊಂಡಿರುವ ಓಣಿ. ಬಂದವರೆಲ್ಲ ಕಂಡವರ ಮನೆ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆದು, ಅಲ್ಲಿಯವರಿಗೆ ಸಾಕುಸಾಕಾಗಿದೆ. ಎಷ್ಟೋ ಮನೆ ಮುಂದೆ ಫೋಟೋ ಬೇಡ ಅಂತ ಬೋರ್ಡೇ ಹಾಕಿದ್ದಾರೆ. ಬಾಗಿಲ ಮುಂದೆ ರೀಲ್ಸ್ ಮಾಡಿದರೆ ಬೈಸಿಕೊಳ್ಳುತ್ತಾರೆ, ಬೈದರೂ ತಪ್ಪಿಲ್ಲ ಬಿಡು.

ಭಾವನಿಗೆ ಕಾರು ಬೇಡ ಅನ್ನು. ಓಣಿ ಇಕ್ಕಟ್ಟು, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸಾಕಾಗುತ್ತದೆ. ಹುಬ್ಬಳ್ಳಿಯಿಂದ ಬಸ್ಸಿಗೆ ಹೋಗಿ. ಪಣಜಿ ಬಸ್‌ಸ್ಟ್ಯಾಂಡಿನಿಂದ ಹಳ್ಳದ ಸೇತುವೆ ದಾಟಿದರೆ ಆ ಓಣಿ ಹತ್ತಿರವೇ, ದೊಡ್ಡವ್ವನಿಗೆ ಆಟೋ ಮಾಡು. ತಾರೀಖು ಗೊತ್ತಾದ ಮೇಲೆ ಹೇಳು, ಮೆಟ್ಟಿಲ ವಿಷಯ ನಾನೇ ಫೋನ್ ಮಾಡಿ ಕೇಳುತ್ತೇನೆ. ನೀನು ಸಂಕೋಚಕ್ಕೆ ಕೇಳುವುದೇ ಇಲ್ಲ.