ಅಪ್‌ಡೇಟ್: ಸುಳ್ಳು ಬಿಲ್ ವಿಷಯ ಯಾರಿಗೆ ಹೇಳಲಿ ಅಂತ ಕೇಳಿದ್ದೆನಲ್ಲ

ಎಲ್ಲರಿಗೂ ನಮಸ್ಕಾರ. ಫ್ಯಾಕ್ಟರಿಗೆ ಬಾರದ ಸರಕಿಗೆ ಬಿಲ್ ಪಾಸ್ ಆಗ್ತಿದೆ, ಸಹಿ ಹಾಕ್ತಿರೋದು ನಮ್ಮ ಮ್ಯಾನೇಜರೇ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ.

ಮೊದಲು ಎಚ್‌ಆರ್‌ಗೆ ಹೇಳಿದೆ. "ನಿಮ್ಮ ಮ್ಯಾನೇಜರ್ ಹತ್ರಾನೇ ಮಾತಾಡಿ" ಅಂದ್ರು, ಅಲ್ಲಿಗೆ ಮುಗೀತು. 2014ರ ವಿಸಲ್ ಬ್ಲೋವರ್ಸ್ (ಅಕ್ರಮ ಬಯಲಿಗೆಳೆಯೋರ) ರಕ್ಷಣಾ ಕಾಯ್ದೆ ಕಾಪಾಡುತ್ತೆ ಅಂತ ಕೆಲವರು ಅಂದಿದ್ರಿ. ಅದು ಸರ್ಕಾರಿ ನೌಕರರ ಮೇಲಿನ ದೂರುಗಳಿಗೆ, ನಮ್ಮ ಮ್ಯಾನೇಜರ್‌ಗೆ ಅನ್ವಯಿಸಲ್ಲ.

ಕೈ ಹಿಡಿದದ್ದು "ಕಂಪನಿಯ ವಾರ್ಷಿಕ ವರದಿ ತೆಗೆದು ನೋಡಿ" ಅಂದವರ ಸಲಹೆ. ನಮ್ಮದು ಷೇರುಪೇಟೆಯಲ್ಲಿರೋ ಕಂಪನಿ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಇಂಥ ಕಡೆ ‘ವಿಜಿಲ್ ಮೆಕ್ಯಾನಿಸಂ’, ಅಂದ್ರೆ ಒಳಗಿನ ಅಕ್ರಮದ ಬಗ್ಗೆ ದೂರು ಕೊಡೋ ವ್ಯವಸ್ಥೆ, ಇರಲೇಬೇಕು. ಅದರ ವಿವರ ವರದಿಯಲ್ಲೇ ಇತ್ತು. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ರಕ್ಷಣೆಯೂ ಅದರಲ್ಲಿರಬೇಕು. ವಿಶೇಷ ಸಂದರ್ಭದಲ್ಲಿ ನೇರ ಆಡಿಟ್ ಕಮಿಟಿ (ಲೆಕ್ಕಪತ್ರ ನೋಡಿಕೊಳ್ಳೋ ನಿರ್ದೇಶಕರ ಸಮಿತಿ) ಅಧ್ಯಕ್ಷರನ್ನೇ ಸಂಪರ್ಕಿಸಬಹುದು! ಆರು ವರ್ಷದಿಂದ ಇಲ್ಲೇ ಇದ್ದೀನಿ, ಒಬ್ಬರೂ ಇದನ್ನ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಹೇಳಬೇಕಾದ ವಿಷಯ ಇದು.

ಆ ವ್ಯವಸ್ಥೆಗೆ ನನ್ನ ಹೆಸರು ಹಾಕಿಯೇ ದೂರು ಬರೆದೆ. ಊಹೆ ಏನೂ ಸೇರಿಸಲಿಲ್ಲ. ಬಿಲ್ ನಂಬರ್, ತಾರೀಖು, ಗೇಟ್ ರಿಜಿಸ್ಟರ್‌ನಲ್ಲಿ ಎಂಟ್ರಿ ಇಲ್ಲದ ದಿನಗಳು, ಅಷ್ಟೇ. ಒಂಬತ್ತನೇ ದಿನ ಇಂಟರ್ನಲ್ ಆಡಿಟ್‌ನವರು ಕರೆಸಿ ಎರಡು ಗಂಟೆ ಕೂತು ಕೇಳಿಸಿಕೊಂಡ್ರು. ಬಿಲ್ ಪಾಸ್ ಮಾಡೋ ಅಧಿಕಾರ ಸದ್ಯಕ್ಕೆ ಬೇರೆಯವರಿಗೆ ಹೋಗಿದೆ, ತನಿಖೆ ಇನ್ನೂ ನಡೀತಿದೆ. ನನ್ನ ಕೆಲಸಕ್ಕೇನೂ ತೊಂದರೆ ಆಗಿಲ್ಲ.

"ಹೆದರಬೇಡಿ, ಮೊದಲು ತಾರೀಖುಗಳನ್ನ ಬರೆದಿಟ್ಟುಕೊಳ್ಳಿ" ಅಂದ ಅಕ್ಕನಿಗೆ ಮನಸಾರೆ ಧನ್ಯವಾದ. ತನಿಖೆ ಮುಗಿದ ಮೇಲೆ ಮತ್ತೆ ಬರೀತೀನಿ.