ಅಪ್‌ಡೇಟ್: 60 ದಿನ ಉದ್ದರಿ ಕೇಳಿದ ಕಂಪನಿ

ಪೀಣ್ಯದ ನಮ್ಮ ವರ್ಕ್‌ಶಾಪ್‌ಗೆ ದೊಡ್ಡ ಆರ್ಡರ್ ತಂದ ಪ್ರೈವೇಟ್ ಲಿಮಿಟೆಡ್ ಕಂಪನಿ 60 ದಿನ ಉದ್ದರಿ ಕೇಳ್ತಿದೆ, ನಂಬಬಹುದಾ ಅಂತ ಕೇಳಿದ್ದೆ. ಪರೀಕ್ಷೆ ಮಾಡಿ ನೋಡಿದೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿದರೆ ಸಾಕು, ಲಾಗಿನ್ ಕೂಡ ಬೇಡ. ನೋಂದಣಿ ಚಾಲ್ತಿಯಲ್ಲಿದೆ, ಆದರೆ ಈಚಿನ ಮೂರು ತಿಂಗಳ ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ಕೊಡುವ ರಿಟರ್ನ್) ಸಲ್ಲಿಸಿಯೇ ಇಲ್ಲ! ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಬ್ಯಾಲೆನ್ಸ್ ಶೀಟ್ ನೋಡಿದೆ. ಲಾಭವೇನೋ ಇದೆ. ಆದರೆ ಸಪ್ಲೈಯರ್‌ಗಳಿಗೆ ಕೊಡಬೇಕಾದ ಬಾಕಿ ಹಿಂದಿನ ವರ್ಷದ ಎರಡು ಪಟ್ಟು. ನಮ್ಮಂಥವರ ದುಡ್ಡಲ್ಲೇ ಬಂಡಿ ಓಡ್ತಿದೆ, ಅಲ್ವಾ?

ಕಂಪನಿಯ ಸಿಬಿಲ್ ರಿಪೋರ್ಟ್ (ಸಾಲ ತೀರಿಸಿದ ದಾಖಲೆ) ಅವರನ್ನೇ ಕೇಳಿದೆ. ‘ಕಳಿಸ್ತೀವಿ ಸರ್’ ಅಂದವರು ಇನ್ನೂ ಕಳಿಸಿಲ್ಲ. ನಮ್ಮದು ಉದ್ಯಮ್ ನೋಂದಣಿ (ಸರ್ಕಾರದ ಎಂಎಸ್‌ಎಂಇ ನೋಂದಣಿ) ಇರುವ ಸಣ್ಣ ಘಟಕ, ಕಾನೂನಿನ ಪ್ರಕಾರ 45 ದಿನದೊಳಗೆ ದುಡ್ಡು ಬರಬೇಕು ಅಂತಲೂ ಹೇಳಿದ್ದೇನೆ. ಸದ್ಯಕ್ಕೆ ಅರ್ಧ ಅಡ್ವಾನ್ಸ್ ಬಂದರೆ ಮಾತ್ರ ಕೆಲಸ ಶುರು.