ಮಿಸಲ್‌ಟೋಗೆ ಬರೀ ‘ಬದನಿಕೆ’ ಅಂದರೆ ಸಾಕೇ?

ಗೆಳೆಯರೇ,

ಯುರೋಪ್ ಮತ್ತು ಚೀನಾದ ಮದ್ದಿನ ಗಿಡಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೇರೆ ಮರದ ಕೊಂಬೆಗೆ ಹತ್ತಿ ಅದರಿಂದಲೇ ಬದುಕುವ ಮಿಸಲ್‌ಟೋ ಗಿಡದ ಹತ್ತಿರ ಬಂದು ನಿಂತಿದ್ದೇನೆ. ನಮ್ಮಲ್ಲಿ ಬದನಿಕೆ, ಬಂದಳಿಕೆ, ಬಂದಣಿಕೆ ಎಂಬ ಹೆಸರುಗಳಿವೆ. ಯಾವ ಮರಕ್ಕೆ ಹತ್ತಿದರೂ ಬದನಿಕೆಯೇ. ತೋಟದ ಮಾತಿಗೆ ಇಷ್ಟು ಸಾಕು, ಮದ್ದಿನ ಮಾತಿಗೆ ಸಾಲದು ಅನ್ನಿಸುತ್ತಿದೆ.

ಯುರೋಪಿನದಕ್ಕೆ ಸಸ್ಯಶಾಸ್ತ್ರದ ಹೆಸರು ವಿಸ್ಕಮ್ ಆಲ್ಬಮ್. ಕವಲಿಗೆ ಕವಲೊಡೆದು ಚೆಂಡಿನ ಹಾಗೆ ಬೆಳೆಯುತ್ತದೆ. ಹಣ್ಣು ಬಿಳಿ, ಒಳಗೆಲ್ಲಾ ಅಂಟು. ಓಕ್ ಮರದ ಮೇಲೆ ಇದು ತೀರಾ ಅಪರೂಪ. ಗಾಲ್ ನಾಡಿನ (ಈಗಿನ ಫ್ರಾನ್ಸ್ ಕಡೆಯ) ಡ್ರೂಯಿಡ್ ಪೂಜಾರಿಗಳು ಓಕ್ ಮೇಲಿನದನ್ನೇ ಪವಿತ್ರವೆಂದು ಕೊಯ್ಯುತ್ತಿದ್ದರು, ವಿಷಕ್ಕೆಲ್ಲಾ ಅದು ಮದ್ದೆಂದು ನಂಬಿದ್ದರು ಎಂದು ಪ್ರಾಚೀನ ರೋಮಿನ ಬರಹಗಾರ ಪ್ಲಿನಿ ಬರೆದಿದ್ದಾನೆ. 1719ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಕೋಲ್‌ಬ್ಯಾಚ್ ಇದನ್ನು ಮೂರ್ಛೆರೋಗದ ಮದ್ದೆಂದು ಹೊಗಳಿ ಪುಸ್ತಕವನ್ನೇ ಬರೆದ. ಈಗ ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಇದರ ಸಾರದ ಚುಚ್ಚುಮದ್ದು ಕೊಡುವುದುಂಟು. ಗಡ್ಡೆ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ಸೇಬಿನ ಮರದ್ದು, ಓಕಿನದು, ಪೈನಿನದು ಎಂದು ಮದ್ದನ್ನು ಬೇರೆ ಬೇರೆಯಾಗಿಯೇ ಮಾರುತ್ತಾರೆ.

ಚೀನಾದವರದು ಇನ್ನೂ ಖಚಿತ. ‘ಸಾಂಗ್ ಜಿ ಶೆಂಗ್’ ಅಂದರೆ ಹಿಪ್ಪುನೇರಳೆಯ ಬದನಿಕೆ. ಸೊಂಟನೋವು, ಮಂಡಿನೋವಿಗೆ ಕೊಡುತ್ತಾರೆ, ಬಸಿರು ಜಾರದೆ ಉಳಿಯಲೂ ಕೊಡುತ್ತಾರೆ. ಇದು ಟ್ಯಾಕ್ಸಿಲಸ್ ಎಂಬ ಬೇರೆ ಕುಲದ ಗಿಡ, ವಿಸ್ಕಮ್‌ಗಿಂತ ನಮ್ಮ ಮಾವಿನ ಬದನಿಕೆಗೇ ಹತ್ತಿರದ ನೆಂಟ. ವಿಸ್ಕಮ್ ಜಾತಿಯದಕ್ಕೆ ಅವರು ‘ಹೂ ಜಿ ಶೆಂಗ್’ ಎಂದು ಬೇರೆಯೇ ಹೆಸರಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಎರಡನ್ನೂ ಮಿಸಲ್‌ಟೋ ಅಂದುಬಿಡುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ.

ಆಸರೆಮರದ ಹೆಸರು ಸುಮ್ನೆ ಸೇರಿಸಿದ್ದಲ್ಲ. ಬದನಿಕೆ ಬೇರನ್ನು ಕೊಂಬೆಯೊಳಗೇ ಇಳಿಸಿ ನೀರು ಎಳೆಯುತ್ತದೆ. ಕಣಗಿಲೆ ಮೇಲೆ ಬೆಳೆದರೆ ಕಣಗಿಲೆಯ ವಿಷ, ಹೃದಯಕ್ಕೇ ಕುತ್ತು ತರುವಂಥದ್ದು, ಎಲೆಗೆ ಬಂದು ಸೇರುತ್ತದೆ. ಅದಕ್ಕೇ ಚೀನಾದ ಸರ್ಕಾರಿ ಔಷಧಕೋಶ ಸಾಂಗ್ ಜಿ ಶೆಂಗ್‌ನಲ್ಲಿ ಆ ಬಗೆಯ ವಿಷ ಇದೆಯೇ ಎಂದು ಪರೀಕ್ಷೆ ಮಾಡಿಸುತ್ತದೆ. ಹೀಗಿರುವಾಗ ಬರೀ ‘ಬದನಿಕೆ ಎಲೆಯ ಕಷಾಯ’ ಎಂದು ಅಚ್ಚು ಹಾಕುವುದು ಅಪಾಯವೇ ಅಲ್ವಾ?

ಸದ್ಯಕ್ಕೆ ಯುರೋಪಿನದಕ್ಕೆ ‘ಬಿಳಿಹಣ್ಣಿನ ಬದನಿಕೆ’, ಚೀನಾದ್ದಕ್ಕೆ ‘ಹಿಪ್ಪುನೇರಳೆ ಬದನಿಕೆ’ ಎಂದು ಬರೆದುಕೊಂಡಿದ್ದೇನೆ. ನಿಮ್ಮ ಕಡೆ ನಾಟಿವೈದ್ಯರು ಮರದ ಹೆಸರು ಸೇರಿಸಿ ಹೇಳುತ್ತಾರೆಯೇ? ಎಲೆಯೇ ಇಲ್ಲದ, ಚಪ್ಪಟೆ ಗೆಣ್ಣುಗೆಣ್ಣಾಗಿ ಜೋತುಬೀಳುವ ವಿಸ್ಕಮ್ ನಮ್ಮ ಕಾಡುಗಳಲ್ಲೂ ಇದೆ. ಅದಕ್ಕೆ ಬೇರೆ ಹೆಸರು ಕೇಳಿದ್ದೀರಾ? ಊರಿನ ಹೆಸರಿನ ಜೊತೆ ತಿಳಿಸಿ.